ಕೆರೆಗೆ ಬಿದ್ದ ಮನೆಗಳು

“ಹಿರೇಪುರದ ಜನರೆಲ್ಲ ಕೇಳಿರಿ. ಕೆರೆಯ ರಕ್ಕಸಿ ನೀರು ಕಟ್ಟಿಹಾಕಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರು ಅವಳ ಬಾಯಿಗೆ. ಇದು ಮಹೀಪಾಲರಾಜರ ಅಪ್ಪಣೆ.”

ಡಂಗುರ ಕೇಳಿದಾಗ ಮಾಳಿಂಗ ಕತ್ತೆಗಳ ಬೆನ್ನಿನಿಂದ ಒಡೆದ ಇಟ್ಟಿಗೆ ಇಳಿಸುತ್ತಿದ್ದ. ಹೊಸ ಅರಮನೆಗೆ ಜಾಗ ಬೇಕೆಂದು ರಾಜ ಹಳೇಪೇಟೆಯನ್ನೇ ಕೆಡವಿಸಿದ್ದ. ಅಲ್ಲಿಯ ಕಲ್ಲುಮಣ್ಣೆಲ್ಲ ಕೆರೆಗೆ ಬೀಳುತ್ತಿತ್ತು. ಮಾಳಿಂಗನ ಮನೆಯೂ ಅದರಲ್ಲಿತ್ತು. ಗೋಡೆ ಬಿದ್ದ ದೂಳು ಕುಡಿದು ಅವನ ತಂಗಿ ತಿಪ್ಪವ್ವ ಹಾಸಿಗೆ ಹಿಡಿದಿದ್ದಳು. ಅವಳ ಬಾಯಿಗೆ ಬಿಡಲು ಹನಿ ನೀರಿರಲಿಲ್ಲ.

ಏರಿಯ ಮೇಲೆ ಜನ ಸೇರಿದರು. ರಕ್ಕಸಿ ಮೈತುಂಬ ಸುಣ್ಣ ಮೆತ್ತಿಕೊಂಡು ಕಲ್ಲುರಾಶಿಯ ಮೇಲೆ ಕೂತಿದ್ದಳು.

“ಬದುಕಿದ್ದಾಗ ಒಂದು ಮೂಲೆಯಲ್ಲಿ ಅಡಗಿತ್ತು. ಸತ್ತ ಮೇಲೆ ಅದಕ್ಕೆ ಊರೇ ಸಾಲದು. ಸುಡುವವರಿಲ್ಲ, ಅಳುವವರಿಲ್ಲ. ಏನದು?”

“ಆನೆ,” ಎಂದ ದಳವಾಯಿ. ರಕ್ಕಸಿ ಅವನನ್ನು ನುಂಗಿದಳು.

“ನಮ್ಮ ಅರಸರ ಕೀರ್ತಿ,” ಎಂದ ಮಂತ್ರಿಯ ಮಗ. ಅವನನ್ನೂ ನುಂಗಿದಳು.

ಮಾಳಿಂಗ ತಂಗಿಯ ಒಣಗಿದ ತುಟಿ ನೆನೆದು ಮುಂದೆ ಬಂದ. “ಮನೆ, ಅವ್ವಾ. ನಿಂತಿದ್ದಾಗ ಇಷ್ಟೇ ಇಷ್ಟು ಜಾಗ. ಕೆಡವಿದ ಮೇಲೆ ಎಲ್ಲಿ ಸುರಿದರೂ ಹಿಡಿಸಲ್ಲ.”

“ಬಾಗಿಲು ಹಾಕಿದರೂ ಒಳಗೆ ಬರುವ ನೆಂಟ. ಎದೆಯಲ್ಲಿ ಬಿಡಾರ ಹೂಡಿದರೆ ಹೊರಡುವುದಿಲ್ಲ. ಯಾರು?”

“ದೂಳು. ನನ್ನ ತಂಗಿಯ ಎದೆಯಲ್ಲಿ ಕೂತಿದೆ.”

“ಬೇಡವಾದ್ದನ್ನೆಲ್ಲ ಅಲ್ಲಿಗೆ ಹಾಕು ಅನ್ನುತ್ತಾರೆ. ಹಾಗೆ ಅಂದವರು ಯಾರೂ ಅಲ್ಲಿರುವುದಿಲ್ಲ. ಅದು ಯಾವ ಊರು?”

“ತೆಗೆದು ಆಚೆ ಹಾಕು,” ಎಂದು ಕೆಡವುವ ಕೆಲಸದ ಮೇಸ್ತ್ರಿ ದಿನವೂ ಕೂಗುತ್ತಿದ್ದದ್ದು ಮಾಳಿಂಗನ ಕಿವಿಯಲ್ಲಿತ್ತು.

“ಆಚೆ,” ಎಂದ. “ಅಂಥ ಊರಿಲ್ಲ ಅವ್ವಾ. ನಾವು ಆಚೆ ಅಂದುಕೊಂಡದ್ದು ನಿನ್ನ ಮನೆ.”

ರಕ್ಕಸಿಯ ದನಿ ಇಳಿಯಿತು. “ನೀರು ಕಟ್ಟಿದವಳು ನಾನಲ್ಲ, ಮಗಾ. ಬುಗ್ಗೆಯ ಬಾಯಿ ಈ ಕಲ್ಲುಗಳಡಿ ಮುಚ್ಚಿಹೋಗಿದೆ. ಇನ್ನು ನಾನೂ ಇಲ್ಲಿ ಬಾಳಲಾರೆ.” ಎದ್ದು ಹೊರಟೇ ಹೋದಳು.

ರಾಜ ಮಾತಿಗೆ ತಪ್ಪಲಿಲ್ಲ. ಅರಮನೆಯಿದ್ದ ಅರ್ಧ ರಾಜ್ಯ ತಾನಿಟ್ಟುಕೊಂಡು, ಕೆರೆಯಿದ್ದ ಅರ್ಧ ಮಾಳಿಂಗನಿಗೆ ಕೊಟ್ಟ.

ತಿಪ್ಪವ್ವ ಉಳಿಯಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದವನು ಸೀದಾ ಕೆರೆಗಿಳಿದ. ನೆಲೆ ತಪ್ಪಿದ ಹಳೇಪೇಟೆಯವರೂ ಬಂದರು. ಗಟ್ಟಿ ಇಟ್ಟಿಗೆ ಆರಿಸಿ ಗೋಡೆ ಎಬ್ಬಿಸಿದರು, ಕಲ್ಲು ಎತ್ತಿ ದಾರಿಗೆ ಹಾಸಿದರು. ಎಷ್ಟೋ ಮಳೆಗಾಲ ಕಳೆದ ಮೇಲೆ ಬುಗ್ಗೆ ಒಸರಿತು.

ಮಾಳಿಂಗ ಬೊಗಸೆಯಲ್ಲಿ ನೀರು ಹಿಡಿದು ಬಾಯಿಗಿಟ್ಟ. ಸುಣ್ಣದ ಒಗರು ನಾಲಿಗೆಗೆ ಹತ್ತಿತು. ಉಗುಳಲಿಲ್ಲ. ನುಂಗಿ, ಹಿಂದೆ ಕೊಡ ಹಿಡಿದು ನಿಂತವರಿಗೆ ದಾರಿ ಬಿಟ್ಟ.