ಊರು ಊದಿದ ತಿದಿ

ಯಾವ ಕಾಲವೋ ಏನೋ, ನಮ್ಮ ತಾತನ ತಾತ ಊರಗೌಡನಾಗಿ ಮೀಸೆ ತಿರುವುತ್ತಿದ್ದ ಕಾಲ ಅನ್ನಿ, ಒಂದೂರಿತ್ತಂತೆ. ಬೇರೆ ಯಾವುದೋ ಊರು ಅಂತ ಹೇಳಿಬಿಟ್ಟರೆ ನನಗೂ ಸಲೀಸು. ಆದರೆ ಅದು ಇದೇ ಊರು ಕಣ್ರಪ್ಪ, ಆ ಕೆರೆ ಇದೇ ಕೆರೆ.

ಆಗ ಬೆಸ್ತರ ಕೇರಿಯಲ್ಲಿ ಕೆಂಚ ಅಂತ ಒಬ್ಬನಿದ್ದನಂತೆ. ನೀರೊಳಗೇ ಉಸಿರಾಡುತ್ತಿದ್ದ ಅಂತಾರೆ. ಮೀನಿನ ಹಾಗೆ ಕಿವಿರಿತ್ತು ಅಂತಾರೆ, ಮೂರು ದಿನ ಕೆರೆಯ ತಳದಲ್ಲಿ ನಿದ್ದೆ ಮಾಡಿ ಬಂದ ಅಂತಾರೆ. ಅದೆಲ್ಲ ಸುಳ್ಳು. ಅವನ ಹತ್ತಿರ ಇದ್ದದ್ದು ಆಡಿನ ತೊಗಲಿನ ಒಂದು ಚೀಲ. ಅದಕ್ಕೆ ತಿದಿ ಅಂತಿದ್ದರು. ಕುಲುಮೆಯ ಆಚಾರಿಯ ಹತ್ತಿರ ಅದಕ್ಕೆ ಗಾಳಿ ಒತ್ತಿಸಿಕೊಂಡು, ಸೊಂಟಕ್ಕೆ ಕಲ್ಲು, ಹಗ್ಗ ಕಟ್ಟಿಕೊಂಡು, ಹಗ್ಗದ ತುದಿ ದಡದವರ ಕೈಗೆ ಕೊಟ್ಟು ಮುಳುಗುತ್ತಿದ್ದ. ಚೀಲದ ಕತ್ತಿಗೆ ಬಿರಡೆಯಿಲ್ಲ, ಏನಿಲ್ಲ. ಬಾಯಲ್ಲಿ ಕಚ್ಚಿ, ಎರಡು ಬೆರಳಲ್ಲಿ ಹಿಸುಕಿ ಹಿಡಿದು, ಬೇಕಾದಾಗ ಚೂರು ಸಡಿಲಿಸಿ ಒಂದು ಗುಟುಕು ಗಾಳಿ ತಗೊಳ್ಳುತ್ತಿದ್ದ. ಎಷ್ಟು ಸಡಿಲಿಸಬೇಕು ಅನ್ನೋದು ಅವನ ಬೆರಳಿಗೆ ಮಾತ್ರ ಗೊತ್ತಿತ್ತಂತೆ.

ಒಂದು ವರ್ಷ ಕೆರೆ ತುಂಬಿ ತುಳುಕಿತು. ಕೆರೆಯ ತಳದಿಂದ ಕಾಲುವೆಗೆ ನೀರು ಬಿಡುವ ತೂಬಿಗೆ ಒಂದು ಹುಣಸೆ ಬೊಡ್ಡೆ ಸಿಕ್ಕಿಕೊಂಡಿತು. ನೀರು ಇಳಿಯಲಿಲ್ಲ, ಕೆರೆಯ ಏರಿ ಒಸರತೊಡಗಿತು. ಏರಿ ಒಡೆದರೆ ಕೆಳಗಿನ ಕೇರಿಯಲ್ಲಿ ಒಂದು ಮನೆಯೂ ಉಳಿಯೋಲ್ಲ. ಕೆಂಚನಿಗೆ ಹೇಳಿಕಳಿಸಿದರು. ಅವನು ತಿದಿ ತುಂಬಿಸಿಕೊಂಡು, ಹೆಂಡತಿ ಹೊನ್ನಿಯ ಜೊತೆ ಏರಿ ಮೇಲೆ ಬಂದ.

ಇಲ್ಲಿಂದ ಮುಂದೆ ಹೇಳೋಕೆ ನನಗೆ ನಾಲಿಗೆ ಏಳೋದಿಲ್ಲ. ಆದರೂ ಹೇಳಬೇಕು.

ಊರು ಉಳಿಸಿದ ಹೆಸರು ಒಬ್ಬ ಬೆಸ್ತನಿಗೇ ಹೋಗಬೇಕಾ ಅಂತ ನಮ್ಮ ಗೌಡನಿಗೆ ಅನ್ನಿಸಿತೋ ಏನೋ. ಆ ಗಾಳಿ ಬಿಟ್ಟುಬಿಡು, ಊರಿಗೆ ಊರೇ ಉಸಿರು ತುಂಬಿ ಕಳಿಸುತ್ತೀವಿ, ಪುಣ್ಯ ಎಲ್ಲರಿಗೂ ಬರಲಿ ಅಂದ. ಜನ ಹೌದು ಹೌದು ಅಂದರು. ಕೆಂಚ ಕೈ ಮುಗಿದನಂತೆ. ಬುದ್ಧೀ, ಒಂದು ಸಲ ಬಿಟ್ಟ ಉಸಿರು ಎಂಜಲು, ನೀರಡಿಯಲ್ಲಿ ಅದು ಕೆಲಸಕ್ಕೆ ಬರೋಲ್ಲ ಅಂದನಂತೆ.

"ನನ್ನ ಉಸಿರು ನಿನಗೆ ಎಂಜಲೇನೋ?" ಅಂದ ಗೌಡ.

ಕೆಂಚ ಬೆರಳು ಸಡಿಲಿಸಿದ, ಆಚಾರಿಯ ಗಾಳಿ ಹೊರಟುಹೋಯಿತು. ಗೌಡ ಮೂರು ಸಲ ಊದಿದ. ಆಮೇಲೆ ಸಾಲಾಗಿ ಎಲ್ಲರೂ, ನಾನೂ ಊದಿದೆ ನಾನೂ ಊದಿದೆ ಅಂತ. ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗಬಾರದಲ್ಲ, ಅದಕ್ಕೆ ಒಲೆಯ ಮುಂದಿನ ಊದುಗೊಳವೆಯನ್ನು ಮನೆಮನೆಯಿಂದ ತಂದಿದ್ದರಂತೆ. ಅಷ್ಟು ಮಡಿ ನಮಗೆ. ಅವನಿಗೆ ಮಾತ್ರ ಇಡೀ ಊರಿನ ಎಂಜಲು ಕೊಟ್ಟು ಕಳಿಸಿದೆವು.

ಕೆಂಚ ಮುಳುಗಿದ. ಗುಳ್ಳೆ ಬಂದವು. ಸ್ವಲ್ಪ ಹೊತ್ತಿಗೆ ಬೊಡ್ಡೆ ಮೇಲೆ ಬಂತು, ಕಾಲುವೆಯಲ್ಲಿ ನೀರು ಭೋರ್ಗರೆಯಿತು, ಊರು ಉಳಿಯಿತು. ಆಮೇಲೆ ಗುಳ್ಳೆ ಬರಲಿಲ್ಲ. ಹಗ್ಗ ಹಿಡಿದು ಎಳೆದರೆ ಹೆಣ ಬಂತು. ಅವನ ಬೆರಳು ಬಿಟ್ಟಮೇಲೆ ತಿದಿಯ ಕತ್ತು ಹಗ್ಗಕ್ಕೆ ಸುತ್ತಿಕೊಂಡು ಬಿಗಿದಿತ್ತು. ಒಳಗೆ ಇನ್ನೂ ಅರ್ಧಕ್ಕಿಂತ ಹೆಚ್ಚು ಉಸಿರು ಹಾಗೇ ಇತ್ತಂತೆ, ಅವನು ಹೇಳಿದ ಹಾಗೆ ಕೆಲಸಕ್ಕೆ ಬಾರದೆ.

ಹೊನ್ನಿ ಅಳಲಿಲ್ಲವಂತೆ. ತಿದಿಯ ಕತ್ತು ಬಿಡಿಸಿ ತನ್ನ ಮುಖಕ್ಕೆ ಹಿಡಿದಳಂತೆ. ಎಲೆಯಡಿಕೆ, ಈರುಳ್ಳಿ, ಹೊಗೆಸೊಪ್ಪು, ನಮ್ಮ ಬಾಯಿಗಳ ನಾತವೆಲ್ಲ ಹೊರಗೆ ಬಂತು. "ನಿಮ್ಮದು ನಿಮಗೇ ಇರಲಿ" ಅಂತ ತಿದಿಯನ್ನು ಗೌಡನ ಕಾಲ ಬುಡಕ್ಕೆ ಹಾಕಿ ಹೋದಳು.

ಕೆರೆಯಮ್ಮ ಅವನನ್ನು ಮಗನಾಗಿ ಉಳಿಸಿಕೊಂಡಳು ಅಂತಾರೆ. ಆ ಕಥೆ ಕಟ್ಟಿದವರು ನಮ್ಮ ಮನೆಯವರೇ. ಹಾಗಂದುಕೊಂಡರೆ ಊಟ ಗಂಟಲಲ್ಲಿ ಇಳಿಯುತ್ತಲ್ಲ, ಅದಕ್ಕೆ.

ಈಗಲೂ ತೂಬು ಎತ್ತುವ ದಿನ ಊರವರೆಲ್ಲ ಏರಿ ಮೇಲೆ ನಿಂತು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಳ್ಳುತ್ತೀವಿ. ಮುಂದಿನ ಸಾಲಲ್ಲಿ ನಮ್ಮ ಮನೆಯವರು. ಕೆಂಚನ ವಂಶದ ಹೆಂಗಸೊಬ್ಬಳು ಬಂದು ಸಾಕು ಅನ್ನೋವರೆಗೆ ಕೈ ತೆಗೆಯೋ ಹಾಗಿಲ್ಲ. ಹೋದ ವರ್ಷ ಆ ಮನೆಯ ಹೆಣ್ಣುಮಗಳು ಬಂದಳು, ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು, ಏನೂ ಹೇಳದೆ ಮನೆಗೆ ಹೋದಳು. ಬಯಲೆಲ್ಲ ನೀರು ಹರಿಯಿತು. ಹೊತ್ತು ನೆತ್ತಿಗೇರಿತು, ಇಳಿಯಿತು. ನಾವು ಹಾಗೇ ನಿಂತಿದ್ದೆವು.