ಕೊಡದೆ ತೆಗೆದುಕೊಂಡ ತಾಂಬೂಲ

ನಾನು ಬಿಳಿಗಲ್ಲುದುರ್ಗದ ಆಸ್ಥಾನದಲ್ಲಿ ದುಭಾಷಿ. ಎರಡು ಭಾಷೆ ಬಲ್ಲವನು ಎಂದರ್ಥ. ಎರಡರಲ್ಲೂ ಬೈಸಿಕೊಳ್ಳುವವನು ಎಂಬುದು ಅನುಭವ. ಹೆಸರು ಚೆಲುವಯ್ಯ. ಹೆಸರಿಟ್ಟವರು ಮುಖ ನೋಡಿರಲಿಲ್ಲ.

ಒಂದು ದಿನ ದೊರೆ ದೊಡ್ಡವೀರ ನಾಯಕರು ಮೀಸೆ ತಿರುವುತ್ತ ಬಂದರು.

“ಚೆಲುವಯ್ಯ, ಕಂಪನಿಯ ರೆಸಿಡೆಂಟ್ ಸಾಹೇಬ ನನ್ನನ್ನು ಹೊಗಳಿದ ಕಣಯ್ಯ! ‘ಮಹಾರಾಜರೇ, ತುಂಬಾ ಪ್ರಿಸ್ಯೂಮ್ ಮಾಡುತ್ತೀರಿ’ ಅಂದ. ಅದನ್ನು ಕೋಟೆ ಬಾಗಿಲ ಮೇಲೆ ಕೆತ್ತಿಸುತ್ತೇನೆ. ಆ ಪದದ ಅರ್ಥ, ಮೂಲ ಎರಡನ್ನೂ ನಾಳೆ ಸಭೆಯಲ್ಲಿ ಹೇಳು. ತಪ್ಪಿದರೆ ನೀನು ದುರ್ಗದಾಚೆ!”

ಸಾಹೇಬರು ಹೊಗಳಿರಲಿಲ್ಲ, ಗದರಿಸಿದ್ದರು. ನನಗೆ ಅರ್ಥ ಗೊತ್ತಿತ್ತು. ಧೈರ್ಯ ಇರಲಿಲ್ಲ.

“ಬಾಯಲ್ಲಿ ಹೇಳಲಾಗದಿದ್ದರೆ ಮಾಡಿ ತೋರಿಸಿ,” ಎಂದಳು ಹೆಂಡತಿ. ನಮ್ಮ ಮನೆಯ ಬುದ್ಧಿಯೆಲ್ಲ ಆಕೆಯದು. ಆಸ್ಥಾನಕ್ಕೆ ಹೊತ್ತುಕೊಂಡು ಹೋಗುವ ಕೂಲಿ ನಾನು.

ನಮ್ಮಲ್ಲಿ ಸಭೆ ಮುಗಿದಾಗ ದೊರೆ ಕೈಯಾರೆ ತಾಂಬೂಲ ಕೊಡಬೇಕು. ಅಲ್ಲಿಯವರೆಗೆ ತಟ್ಟೆಗೆ ಯಾರೂ ಕೈ ಹಾಕುವಂತಿಲ್ಲ. ಮರುದಿನ ತಟ್ಟೆ ಬಂದದ್ದೇ ತಡ, ನಾನು ನುಗ್ಗಿ ಎರಡು ಎಲೆ ಮಡಿಸಿ ಬಾಯಿಗಿಟ್ಟುಕೊಂಡೆ. ಗಡಿಬಿಡಿಯಲ್ಲಿ ಸುಣ್ಣ ಹಚ್ಚಲು ಮರೆತಿದ್ದೆ.

ದೊರೆ ಎದ್ದು ನಿಂತರು. “ಏನೋ ಇದು? ನಾನು ಕೊಡುವ ಮೊದಲೇ ತಗೊಂಡೆಯಾ?”

“ಅದೇ ಆ ಪದದ ಅರ್ಥ, ಮಹಾಸ್ವಾಮಿ. ಹುಟ್ಟಿದ್ದು ಲ್ಯಾಟಿನ್ನಿನಲ್ಲಿ. ‘ಮುಂಚೆ’ ಅನ್ನುವುದೂ ‘ತೆಗೆದುಕೋ’ ಅನ್ನುವುದೂ ಸೇರಿ ಆದದ್ದು. ಕೊಡುವ ಮೊದಲೇ ತೆಗೆದುಕೊಳ್ಳುವುದು. ತಿಳಿಯುವ ಮೊದಲೇ ಹೀಗೇ ಎಂದುಕೊಳ್ಳುವುದು.”

ದೊರೆಯ ಮೀಸೆ ನಿಧಾನವಾಗಿ ಇಳಿಯಿತು.

“ಹಾಗಾದರೆ ಸಾಹೇಬ ಹೊಗಳಿದ ಅಂದುಕೊಂಡೆನಲ್ಲ, ಅದು?”

“ಅವರು ಕೊಡುವ ಮೊದಲೇ ತಾವು ತೆಗೆದುಕೊಂಡ ತಾಂಬೂಲ, ಮಹಾಸ್ವಾಮಿ.”

ಒಂದು ಗಳಿಗೆ ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದೆ. ಆಮೇಲೆ ದೊರೆ ಹೊಟ್ಟೆ ಹಿಡಿದು ನಕ್ಕರು. “ಕಲ್ಲುಕುಟಿಗನಿಗೆ ಉಳಿ ಕೆಳಗಿಡಲು ಹೇಳಿ!”

ನಗುನಗುತ್ತಲೇ ಅವರು ಮುಂಗೈಯ ಚಿನ್ನದ ಕಡಗ ಸಡಿಲಿಸಿದರು. ನಾನು ವಿನಯದಿಂದ ತಲೆ ಬಾಗಿಸಿ ಎರಡೂ ಕೈ ಒಡ್ಡಿದೆ.

ದೊರೆ ಕಡಗದ ಅಡಿಯಲ್ಲಿ ಪರಪರ ಕೆರೆದುಕೊಂಡು ಅದನ್ನು ಮತ್ತೆ ಮೇಲೇರಿಸಿದರು.

“ತುರಿಕೆ, ಚೆಲುವಯ್ಯ,” ಎಂದರು. “ಪ್ರಿಸ್ಯೂಮ್ ಮಾಡಬೇಡ.”