ಮಾನಪ್ಪನ ಬಾಗಿಲಾಟ

ಕೇಳ್ರಪ್ಪಾ, ನಮ್ಮಜ್ಜನ ಅಜ್ಜ ಇನ್ನೂ ತೊಟ್ಟಿಲಲ್ಲಿದ್ದನೋ ಇಲ್ಲವೋ, ಅಷ್ಟು ಹಿಂದಿನ ಮಾತು. ಕಲ್ಲಗೋಡಿ ಅನ್ನೋ ಊರಿನಲ್ಲಿ ಮಾನಪ್ಪ ಅಂತ ಒಬ್ಬ ಬಡಿಗ ಇದ್ದ. ಅವನು ಕೆತ್ತಿದ ಗಿಣಿಗೆ ಬೆಕ್ಕು ಹೊಂಚು ಹಾಕುತ್ತಿತ್ತು ಅಂತಾರೆ. ಊರ ಸುತ್ತ ಕೋಟೆ, ಕೋಟೆಗೆ ಒಂದೇ ಬಾಗಿಲು. ಆ ಬಾಗಿಲೂ ಅದರ ಅಗಳಿಯೂ ಅವನ ಕೈಕೆಲಸವೇ.

ಒಂದು ವರ್ಷ ಸುತ್ತಲ ಹಳ್ಳಿಗಳಿಗೆ ಮಾರಿಬೇನೆ ಬಂತು. ಮಾನಪ್ಪನ ಹೆಂಡತಿ ಈರಮ್ಮ ತವರಿಗೆ ಹೋಗಿದ್ದಳು. ಊರಗೌಡ ಕೋಟೆ ಬಾಗಿಲು ಹಾಕಿಸಿ, ಯಾರು ಬಂದರೂ ತೆಗೆಯಬಾರದೆಂದು ಎಲ್ಲರಿಂದ ಆಣೆ ಮಾಡಿಸಿದ. ಕಾವಲಿಗೆ ಮಾನಪ್ಪನನ್ನೇ ನಿಲ್ಲಿಸಿದ. ಮೂರನೇ ದಿನ, ದೀಪ ಹಚ್ಚೋ ಹೊತ್ತು, ಯಾರೋ ಬಾಗಿಲು ಬಡಿದರು.

"ನಾನ್ರಿ, ಬಾಗ್ಲಾ ತಗೀರಿ. ನನಗೇನೂ ಆಗಿಲ್ರಿ."

ಈರಮ್ಮನ ದನಿ. ಹಿಂದೆ ಊರೆಲ್ಲ ನಿಂತಿತ್ತು, ಮಕ್ಕಳನ್ನು ಎದೆಗವಚಿಕೊಂಡು. ಮಾನಪ್ಪನ ಕೈ ಅಗಳಿಯ ಮೇಲಿತ್ತು. ತೆಗೆಯಲಿಲ್ಲ. ಬಹಳ ಹೊತ್ತು ಬಡಿದಳಂತೆ. ಬೆಳಗ್ಗೆ ನೋಡಿದರೆ ಯಾರೂ ಇಲ್ಲ. ಹೊಳೆಗೆ ಬಿದ್ದಳು ಅಂತಾರೆ, ದೇಶಾಂತರ ಹೋದಳು ಅಂತಾರೆ. ಕಂಡವರಿಲ್ಲ.

ಬೇನೆ ಕಳೆದ ಮೇಲೆ ಮಾನಪ್ಪ ಊರೂರು ಅಲೆದು ಬರಿಗೈಯಲ್ಲಿ ಬಂದ. ಊರವರು ಆ ದಿನದ ಮಾತೇ ಎತ್ತುತ್ತಿರಲಿಲ್ಲ. ಅವನಿಗೋ ಎಲ್ಲಿ ಅವಳ ದನಿ ಮರೆತುಹೋದೀತೋ ಅನ್ನೋ ಭಯ. ಬಯಲಾಟದಲ್ಲಿ ಹೆಣ್ಣುವೇಷ ಕಟ್ಟಿ ಪಳಗಿದವನು ಅವನು. ಮರುವರ್ಷ ಅದೇ ದಿನ ಡಂಗುರ ಸಾರಿಸಿದ: ಕೋಟೆ ಬಾಗಿಲಲ್ಲಿ ಆಟ ಇದೆ, ಕೂರೋ ಹಾಗಿಲ್ಲ, ನೋಡೋಕೆ ಬಂದವರೇ ವೇಷದವರು.

ಬಂದವರನ್ನು ಬಾಗಿಲ ಹಿಂದಿನ ಕತ್ತಲಲ್ಲಿ, ಅಂದು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದ. ಅಂದು ಹಾಕಿದ್ದಂತೆಯೇ ಬೇವಿನ ಹೊಗೆ ಹಾಕಿದ. ಗೌಡನ ಕೈಯನ್ನು ಅಗಳಿಯ ಮೇಲಿಟ್ಟ. ಈರಮ್ಮನ ಸೀರೆಯುಟ್ಟು ಹೊರಗೆ ಹೋದ, ಒಳಗೆ ಅಗಳಿ ಬಿತ್ತು.

ಬಾಗಿಲು ಬಡಿದ ಸದ್ದಾಯಿತು. ದನಿ ಈರಮ್ಮನದೇ! ಹೆಂಗಸರು ಕಿವಿ ಮುಚ್ಚಿಕೊಂಡರು, ಗೌಡ ಬೆವೆತುಹೋದ. ಒಬ್ಬರೂ ತೆಗೆಯಲಿಲ್ಲ.

ಹೆದರಿದರೂ ಮರುವರ್ಷ ಮತ್ತೆ ಬಂದರು. ಹೆದರಿಕೊಳ್ಳೋಕೆಂದೇ ಪರವೂರವರೂ ಬಂದರು. ಹನ್ನೆರಡು ವರ್ಷ ಆಡಿದ ಅಂತಾರೆ. ಇದ್ಯಾಕಪ್ಪ ಈ ಸಂಕಟ ಅಂತ ಕೇಳಿದವರಿಗೆ, ಅವಳು ನಿಂತಲ್ಲಿ ನಿಂತಷ್ಟು ಹೊತ್ತು ಅವಳು ಹತ್ತಿರ ಇದ್ದ ಹಾಗಾಗುತ್ತದೆ ಅಂದನಂತೆ.

ಹದಿಮೂರನೇ ವರ್ಷ ಗೌಡನ ಮನೆಗೆ ಹಂಪವ್ವ ಅನ್ನೋ ಹೊಸ ಸೊಸೆ ಬಂದಿದ್ದಳು. ಆಣೆ ಮಾಡಿದವಳಲ್ಲ. ಆಟದ ದಿನ ಅವಳೂ ಆ ಗುಂಪಿನಲ್ಲಿ ನಿಂತಿದ್ದಳು. ಬಡಿತ ಕೇಳಿತು, ಅಳು ಕೇಳಿತು.

"ಹೆಣ್ಮಗಳು ಹೊರಗ ಅಳಾಕ ಹತ್ಯಾಳ, ಇಷ್ಟ ಮಂದಿ ಸುಮ್ನ ನಿಂತೀರಲ್ಲ!" ಅಂದವಳೇ ಮಾವನ ಕೈ ಸರಿಸಿ ಅಗಳಿ ಎಳೆದಳು.

ಬಾಗಿಲು ತೆರೆಯಿತು. ಮಾನಪ್ಪನಿಗೆ ಇದರ ಮುಂದಿನ ಆಟ ಗೊತ್ತಿರಲಿಲ್ಲ. ಹಂಪವ್ವ ಅವನ ಕೈಹಿಡಿದು ಒಳಗೆ ತಂದಳು, ತವರಿಂದ ಬಂದವಳಿಗೆ ಕೊಡುವಂತೆ ಕಾಲಿಗೆ ನೀರು ಕೊಟ್ಟಳು. ಅವನು ಹೊಸ್ತಿಲ ಮೇಲೆ ಕುಸಿದು ಕೂತು, ತನ್ನದೇ ದನಿಯಲ್ಲಿ ಕೇಳಿದ:

"ಇಷ್ಟ ಹಗುರ ಇತ್ತೇನವ್ವಾ, ಅಗಳಿ?"

ಊರಿಗೆ ಊರೇ ಅತ್ತಿತು ಅಂತಾರೆ. ಆಮೇಲೆ ಅವನು ಆಟ ಆಡಲಿಲ್ಲ. ಇರೋತನಕ ಸಂಜೆ ಹೊತ್ತು ಕೋಟೆಯ ಹೊರಗೆ ಕೂತು ದಾರಿ ನೋಡುತ್ತಿದ್ದ.

ಈಗಲೂ ವರ್ಷಕ್ಕೊಮ್ಮೆ ಆ ದಿನ, ದೀಪ ಹಚ್ಚೋ ಹೊತ್ತಿಗೆ, ಕಲ್ಲಗೋಡಿಯ ಮನೆಮನೆಯ ಹಿರಿಯರು ಹೊರಗೆ ಹೋಗಿ ತಮ್ಮ ಬಾಗಿಲನ್ನೇ ಬಡಿಯುತ್ತಾರೆ. ಒಳಗಿದ್ದವರು ಯಾರು ಅಂತ ಕೇಳೋ ಹಾಗಿಲ್ಲ. ಮೊದಲು ತೆಗೆಯಬೇಕು, ಕಾಲಿಗೆ ನೀರು ಕೊಡಬೇಕು.